ಗುಟ್ಟಿನ ರೋಗವೂ ಗಡಿಯ ಊರುಗಳೂ

ನಮ್ಮ ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡ ಮನೆತನಗಳು ಹೆಣ್ಣು ಕೊಡುವಾಗಲಾಗಲಿ ತರುವಾಗಲಾಗಲಿ ರಾಜ್ಯದ ಗಡಿಯನ್ನು ಎಂದೂ ಲೆಕ್ಕಕ್ಕೆ ಇಟ್ಟುಕೊಂಡವಲ್ಲ. ಅಗಳಿಯ ಹುಡುಗಿ ಶಿರಾದ ಸೊಸೆಯಾಗುತ್ತಾಳೆ. ಪಾವಗಡದ ಹುಡುಗಿ ರೊಳ್ಳಕ್ಕೆ ಬರುತ್ತಾಳೆ. ರಾಯದುರ್ಗದವರಿಗೆ ಮೊಳಕಾಲ್ಮೂರು, ಬಳ್ಳಾರಿಗಳೆಂದರೆ ಬೀಗರ ಊರುಗಳು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ರಾಯದುರ್ಗ ತಾಲ್ಲೂಕನ್ನು ಬಳ್ಳಾರಿ ಜಿಲ್ಲೆಯಿಂದ ಕಿತ್ತು ಅನಂತಪುರಕ್ಕೆ ಸೇರಿಸಿದರು. ಮಡಕಶಿರಾ ಅದಕ್ಕೆ ಮೊದಲೇ ಅನಂತಪುರದ್ದಾಗಿತ್ತು. 1985ರಲ್ಲಿ ತಾಲ್ಲೂಕುಗಳು ಹೋಗಿ ಮಂಡಲಗಳು ಬಂದವು. 2022ರ ಏಪ್ರಿಲಿನಲ್ಲಿ ಮತ್ತೊಮ್ಮೆ ಗೆರೆ ಎಳೆದಾಗ ಮಡಕಶಿರಾ ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಿಗೆ ಹೋಯಿತು, ರಾಯದುರ್ಗ ಹಳೆಯ ಜಿಲ್ಲೆಯಲ್ಲಿಯೇ ಉಳಿಯಿತು. ಇಷ್ಟೆಲ್ಲ ಆದರೂ ಮದುವೆಯ ಲಗ್ನಪತ್ರಿಕೆಗಳು ಹಳೆಯ ದಾರಿಯಲ್ಲಿಯೇ ಓಡಾಡುತ್ತಿವೆ.

ಗಡಿಯನ್ನು ಲೆಕ್ಕಿಸದ ಇನ್ನೊಂದುಂಟು. ಅದು ರೋಗ. ಅದರಲ್ಲಿಯೂ ಹಾಸಿಗೆಯಲ್ಲಿ ಹುಟ್ಟಿ ಹೊಸಿಲು ದಾಟದಂತೆ ಮುಚ್ಚಿಡುವ ರೋಗಗಳು. ತೆಲುಗಿನವರು ಇವುಗಳನ್ನು ಸುಖವ್ಯಾಧಿಗಳೆಂದು ಕರೆಯುತ್ತಾರೆ, ನಮ್ಮಲ್ಲಿ ಗುಪ್ತರೋಗವೆನ್ನುತ್ತಾರೆ. ಇವುಗಳ ಪೈಕಿ ಎಲ್ಲಕ್ಕಿಂತ ಹೆಚ್ಚಿನ ಭಯ ಹುಟ್ಟಿಸಿದ ಎಚ್.ಐ.ವಿ.ಯ ಬಗೆಗೂ, ಅದನ್ನು ತಡೆಯುವ ಕೆಲಸವನ್ನು ಜನರೇ, ಅದರಲ್ಲಿಯೂ ಸಮಾಜ ಬದಿಗೆ ಸರಿಸಿದ ಜನರೇ ಕೈಗೆತ್ತಿಕೊಂಡ ಬಗೆಗೂ ನಾಲ್ಕು ಮಾತು ಬರೆಯುವುದು ಈ ಲೇಖನದ ಉದ್ದೇಶ.

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂಥ ವಿಷಯವೇ ಎಂದು ಹುಬ್ಬೇರಿಸುವ ಹಿರಿಯರು ಇರಬಹುದು. ಅವರು ತಮ್ಮ ಪ್ರಾಯದ ದಿನಗಳನ್ನು ಸ್ವಲ್ಪ ನೆನೆದುಕೊಳ್ಳಲಿ. ಊರೂರಿನ ಶಾಲೆಯ ಗೋಡೆ, ಪಂಚಾಯಿತಿ ಕಟ್ಟೆಗಳ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನವಿರಲಿಲ್ಲವೆ? 1968ರಲ್ಲಿ ಸರ್ಕಾರ 'ನಿರೋಧ್' ಅನ್ನು ಪೇಟೆಗೆ ಬಿಟ್ಟಾಗ ಅದರ ಬೆಲೆ ಮೂರಕ್ಕೆ ಹದಿನೈದು ಪೈಸೆ. ಚಹಾ ಪುಡಿ, ಸಾಬೂನು ಮಾರುವ ಕಂಪನಿಗಳೇ ಅದನ್ನು ಹಳ್ಳಿಯ ಅಂಗಡಿಗಳಿಗೂ ಮುಟ್ಟಿಸಿದವು. ಆಗ ಯಾರ ಮಾನವೂ ಹೋಗಲಿಲ್ಲ. ಅದೇ ನಿರೋಧ್ ಮಕ್ಕಳನ್ನು ತಡೆಯುವುದಕ್ಕೆ ಬದಲಾಗಿ ರೋಗವನ್ನು ತಡೆಯುವುದಕ್ಕೆಂದು ಬಂದಾಗ ಮಾತ್ರ ನಾವು ಮುಖ ತಿರುಗಿಸಿದೆವು.

ಭಾರತದಲ್ಲಿ ಈ ರೋಗಾಣು ಮೊದಲು ಕಂಡದ್ದು 1986ರಲ್ಲಿ, ಮದರಾಸಿನಲ್ಲಿ. ಡಾಕ್ಟರ್ ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರು ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ಮುಂಬಯಿಯಲ್ಲಿರುವಂಥ ಗುರುತಿನ ಬೀದಿಗಳು ಮದರಾಸಿನಲ್ಲಿ ಇರಲಿಲ್ಲವಾದ್ದರಿಂದ ಪೊಲೀಸರು ಹಿಡಿದು ತಂದಿಟ್ಟ ಸ್ತ್ರೀಯರ ಗೃಹವನ್ನೇ ಆಕೆ ಹುಡುಕಿಕೊಂಡು ಹೋಗಬೇಕಾಯಿತು. ವೆಲ್ಲೂರಿನಲ್ಲಿ ಪರೀಕ್ಷೆಯಾದಾಗ ಆರು ಮಾದರಿಗಳಲ್ಲಿ ಸೋಂಕು ಕಂಡಿತು. ಈ ಸಂಗತಿಯನ್ನು ಇಲ್ಲಿ ಹೇಳಲು ಒಂದು ಕಾರಣವುಂಟು. ಗುರುತಿನ ಬೀದಿ ಇಲ್ಲದ ಊರಿನಲ್ಲಿ ಅಪಾಯಕ್ಕೆ ಒಳಗಾದವರನ್ನು ಹುಡುಕುವುದು ಹೇಗೆ ಎಂಬ ಪ್ರಶ್ನೆ ಮೊದಲ ದಿನವೇ ಎದುರಾಗಿತ್ತು. ರಾಯದುರ್ಗದಂಥ ಊರುಗಳಲ್ಲಿ ಅದು ಇನ್ನೂ ಗಟ್ಟಿಯಾದ ಪ್ರಶ್ನೆ.

ಆಂಧ್ರಕ್ಕೆ ಈ ಹೊಡೆತ ಬಲವಾಗಿಯೇ ಬಿದ್ದಿತು. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಪ್ರಾಯದವರಲ್ಲಿ ಸೋಂಕಿನ ಪ್ರಮಾಣ ನೂರಕ್ಕೆ 0.28 ಇದ್ದಾಗ, ಅವಿಭಜಿತ ಆಂಧ್ರ ಪ್ರದೇಶದಲ್ಲಿ 0.97, ಕರ್ನಾಟಕದಲ್ಲಿ 0.69 ಇತ್ತು. ಅಂದರೆ ನಮ್ಮ ಗಡಿಯ ಎರಡು ಮಗ್ಗುಲೂ ಬಿಸಿಯಾಗಿಯೇ ಇದ್ದವು. 2021ರ ಅಂದಾಜಿನಂತೆ ಆಂಧ್ರದ ಪ್ರಮಾಣ 0.67ಕ್ಕೆ, ಕರ್ನಾಟಕದ್ದು 0.46ಕ್ಕೆ ಇಳಿದಿತ್ತು, ದೇಶದ್ದು 0.21. ಇಳಿದದ್ದು ಸಂತೋಷವೇ. ಆದರೂ ದೇಶದ ಸರಾಸರಿಯ ಮೂರು ಪಟ್ಟು ಎಂಬುದನ್ನು ಮರೆಯುವಂತಿಲ್ಲ.

ನಮ್ಮ ಸೀಮೆಯ ಬದುಕನ್ನು ಬಲ್ಲವರಿಗೆ ಇದರ ಬೇರು ಹುಡುಕಲು ದೂರ ಹೋಗಬೇಕಾಗಿಲ್ಲ. ವರ್ಷಕ್ಕೆ 550 ಮಿಲಿಮೀಟರಿನಷ್ಟು ಮಳೆ ಬಿದ್ದರೆ ಪುಣ್ಯವೆನ್ನುವ ಜಿಲ್ಲೆ ಇದು. ಕಡಲೆಕಾಯಿ ಬಳ್ಳಿ ಹೂ ಬಿಟ್ಟು ಊಡು ಇಳಿಯುವ ಹೊತ್ತಿಗೆ ಮೋಡ ಕೈಕೊಟ್ಟಿತೆಂದರೆ ಗುಳೇ ಹೋಗುವುದೇ ದಾರಿ. ಗಂಡಸು ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಲಾರಿಯ ಮೇಲೋ ಹೋಗುತ್ತಾನೆ. ಹೆಂಡತಿ ಊರಿನಲ್ಲಿ ಮುದುಕರನ್ನೂ ದನವನ್ನೂ ನೋಡಿಕೊಂಡಿರುತ್ತಾಳೆ. 2000ದ ದಶಕದಲ್ಲಿ ಡಿ. ಹಿರೇಹಾಳು ಮಂಡಲದ ಓಬಳಾಪುರದ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ಭರಾಟೆ ಎದ್ದಾಗ ಕೆಂಪು ಧೂಳಿನ ಲಾರಿಗಳ ಸಾಲನ್ನು ಕಂಡವರು ನಮ್ಮಲ್ಲಿ ಅನೇಕರು. ಆ ಭರಾಟೆ ಈಗ ಇಲ್ಲ. ಆದರೆ ಮನೆಯಿಂದ ದೂರ, ಕೈಯಲ್ಲಿ ದಿನಗೂಲಿಯ ನಗದು, ನೋಡುವವರು ಯಾರೂ ಇಲ್ಲ—ಈ ಮೂರೂ ಕೂಡಿದ ಕಡೆಗಳಲ್ಲೆಲ್ಲ ಇಂಥ ರೋಗಗಳಿಗೆ ದಾರಿಯಾಗುತ್ತದೆ.

ಬಸವಿಯರ ವಿಷಯವನ್ನೂ ಬಿಡುವಂತಿಲ್ಲ. ರಾಯದುರ್ಗವೂ ಸೇರಿದ್ದ ಹಳೆಯ ಬಳ್ಳಾರಿ ಜಿಲ್ಲೆಯಲ್ಲಿ ಗಂಡುಮಕ್ಕಳಿಲ್ಲದ ಮನೆಯವರು ಮಗಳನ್ನು ದೇವರಿಗೆ ಬಿಟ್ಟು, ಆಕೆಗೆ ಗಂಡುಮಗನ ಹಕ್ಕನ್ನು ಕೊಡುತ್ತಿದ್ದ ಪದ್ಧತಿಯನ್ನು ಫಾಸೆಟ್ ಎಂಬ ಆಂಗ್ಲ ಅಧಿಕಾರಿ 1890ರ ದಶಕದಲ್ಲಿಯೇ ಬರೆದಿಟ್ಟಿದ್ದಾನೆ. 1947ರ ಮದರಾಸು ಕಾನೂನು, 1982ರ ಕರ್ನಾಟಕದ ಕಾನೂನು, 1988ರ ಆಂಧ್ರದ ಕಾನೂನು, ಮೂರೂ ಇದನ್ನು ನಿಷೇಧಿಸಿದವು. ಹಕ್ಕು ಕಾಗದದಲ್ಲಿ ಉಳಿದು ಹೊಲ ಇಲ್ಲವಾದಾಗ ಆ ಮನೆಗಳ ಕೆಲವು ಹೆಣ್ಣುಮಕ್ಕಳು ಹೊಟ್ಟೆಪಾಡಿಗೆ ಯಾವ ದಾರಿ ಹಿಡಿದರೆಂಬುದು ಗುಟ್ಟೇನಲ್ಲ. ಆದರೆ ಬಸವಿ ಎಂದೊಡನೆ ರೋಗವೆಂದು ಮೂಗು ಮುಚ್ಚಿಕೊಳ್ಳುವವರಿಗೆ ಒಂದು ಮಾತು ಹೇಳಲೇಬೇಕು: ರೋಗವನ್ನು ಆ ಮನೆಯವರೆಗೆ ಹೊತ್ತು ಹೋದವರು ಯಾರು?

ಅಕ್ಕಂದಿರು ಹಿಡಿದ ದಾರಿ

ಮೊದಮೊದಲು ಸರ್ಕಾರಗಳು ಹಿಡಿದದ್ದು ಹೆದರಿಸುವ ದಾರಿ. ತಲೆಬುರುಡೆಯ ಚಿತ್ರ, 'ಏಡ್ಸ್ ಎಂದರೆ ಸಾವು' ಎಂಬ ಬರಹ. ಹೆದರಿದ ಮನುಷ್ಯ ಪರೀಕ್ಷೆಗೆ ಬರುವುದಿಲ್ಲ, ಅಡಗಿಕೊಳ್ಳುತ್ತಾನೆ ಎಂಬ ಸಾಮಾನ್ಯ ಸಂಗತಿ ಅರಿವಾಗಲು ಕೆಲವು ವರ್ಷಗಳೇ ಹಿಡಿದವು. ಬೇರೆ ದಾರಿ ತೋರಿಸಿದವರಲ್ಲಿ ಕಲ್ಕತ್ತೆಯ ಸೋನಾಗಾಚಿಯಲ್ಲಿ 1992ರಲ್ಲಿ ಕೆಲಸ ಆರಂಭಿಸಿದ ಡಾಕ್ಟರ್ ಸ್ಮರಜಿತ್ ಜಾನಾ ಮುಖ್ಯರು. ವೇಶ್ಯಾವೃತ್ತಿಯಲ್ಲಿರುವ ಸ್ತ್ರೀಯರಿಗೆ ಉಪದೇಶ ಮಾಡುವುದನ್ನು ಬಿಟ್ಟು ಅವರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿದ್ದು ಅವರ ಹೆಚ್ಚುಗಾರಿಕೆ. ಅದೇ ವರ್ಷ ಮಹಾರಾಷ್ಟ್ರದ ಸಾಂಗ್ಲಿಯಲ್ಲಿ ಮೀನಾ ಶೇಷು ಅವರ 'ಸಂಗ್ರಾಮ' ಸಂಸ್ಥೆ ಹುಟ್ಟಿತು. 1996ರಲ್ಲಿ ಆ ಸ್ತ್ರೀಯರದೇ ಆದ 'ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್' ರೂಪುಗೊಂಡಿತು. ನಮ್ಮ ವಾಚಕರು ಗಮನಿಸಬೇಕಾದದ್ದೆಂದರೆ, ಸಾಂಗ್ಲಿಯ ಆ ಸ್ತ್ರೀಯರಲ್ಲಿ ಅನೇಕರು ಕೃಷ್ಣೆಯ ಈಚೆಯಿಂದ, ಬೆಳಗಾವಿ, ಬಾಗಲಕೋಟೆ ಕಡೆಗಳಿಂದ ಹೋದ ಕನ್ನಡತಿಯರು. ಮನೆಭಾಷೆ ಕನ್ನಡ, ಆಸ್ಪತ್ರೆಯ ಭಾಷೆ ಮರಾಠಿ. ನಮ್ಮ ಪಾಡೇ ಅವರದೂ.

2003ರಲ್ಲಿ ಗೇಟ್ಸ್ ಪ್ರತಿಷ್ಠಾನದ ಹಣದಿಂದ 'ಆವಾಹನ್' ಎಂಬ ದೊಡ್ಡ ಯೋಜನೆ ಆರು ರಾಜ್ಯಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ತೆಲಂಗಾಣ ಮತ್ತು ರಾಯಲಸೀಮೆಯ ಜಿಲ್ಲೆಗಳಲ್ಲಿ ಇಂಡಿಯಾ ಎಚ್.ಐ.ವಿ./ಏಡ್ಸ್ ಅಲಯನ್ಸ್ ಅದನ್ನು ನಡೆಸಿದವು. ಹತ್ತು ವರ್ಷದೊಳಗೆ ಈ ಕೆಲಸ ಸರ್ಕಾರದ ಕೈಗೆ ಹಸ್ತಾಂತರವಾಯಿತು. ಮೊದಲ ಐದು ವರ್ಷಗಳಲ್ಲಿಯೇ ಒಂದು ಲಕ್ಷದಷ್ಟು ಹೊಸ ಸೋಂಕುಗಳು ತಪ್ಪಿದವೆಂದು 2011ರಲ್ಲಿ ಸಂಶೋಧಕರು ಅಂದಾಜು ಮಾಡಿದರು.

ಅಂದಾಜುಗಳನ್ನು ನಂಬದವರಿಗೆ ಮೈಸೂರಿನ ಉದಾಹರಣೆ ಹೇಳಬಹುದು. ಅಲ್ಲಿ 2004ರಲ್ಲಿ ಆರಂಭವಾದ ಕೆಲಸವನ್ನು ಮರುವರ್ಷವೇ ಆ ಸ್ತ್ರೀಯರು, ಪುರುಷರು, ಲಿಂಗತ್ವ ಅಲ್ಪಸಂಖ್ಯಾತರು 'ಆಶೋದಯ ಸಮಿತಿ' ಎಂಬ ತಮ್ಮದೇ ಸಂಸ್ಥೆಯಾಗಿ ಮಾಡಿಕೊಂಡರು. 2004ರಲ್ಲಿಯೂ 2006ರಲ್ಲಿಯೂ ನಡೆದ ಎರಡು ಸಮೀಕ್ಷೆಗಳನ್ನು ಹೋಲಿಸಿದಾಗ ಪರಂಗಿ ರೋಗ, ಅಂದರೆ ಸಿಫಿಲಿಸ್, ನೂರಕ್ಕೆ 25ರಿಂದ 12ಕ್ಕೆ ಇಳಿದಿತ್ತು. ಎಚ್.ಐ.ವಿ. ಮಾತ್ರ 26ರಿಂದ 24. ಇಳಿಯಲೇ ಇಲ್ಲವೆಂದರೂ ಸರಿ. ಇದನ್ನು ಸೋಲೆಂದು ಓದಬಾರದು. ಸಿಫಿಲಿಸ್ ಒಂದು ಸೂಜಿಮದ್ದಿಗೆ ಗುಣವಾಗುತ್ತದೆ, ಎಚ್.ಐ.ವಿ. ಬಂದವರು ಮದ್ದಿನ ಬಲದಿಂದ ಬದುಕಿ ಎಣಿಕೆಯಲ್ಲಿಯೇ ಉಳಿಯುತ್ತಾರೆ. ಅವರು ಉಳಿಯಲಿ ಎಂಬುದೇ ಅಲ್ಲವೆ ನಮ್ಮ ಹಾರೈಕೆ?

ಈ ವ್ಯವಸ್ಥೆ ಚಿಕ್ಕ ಊರುಗಳಲ್ಲಿ ನಡೆಯುವ ಬಗೆ ಹೀಗೆ. ಕಾಗದಪತ್ರಗಳಲ್ಲಿ 'ಪೀರ್ ಎಜುಕೇಟರ್' ಎಂದು ಬರೆಯುತ್ತಾರೆ. ಓಣಿಯಲ್ಲಿ ಆಕೆ ಬರಿಯ ಅಕ್ಕ. ಅರವತ್ತು ಜನಕ್ಕೆ ಒಬ್ಬಳಂತೆ, ಅದೇ ಬದುಕನ್ನು ಬದುಕಿದವಳು. ಯಾವ ಮನೆಯ ಹಿಂಬಾಗಿಲು ಯಾವಾಗ ತೆರೆಯುತ್ತದೆಂಬುದು ಹೊರಗಿನಿಂದ ಬಂದ ಅಧಿಕಾರಿಗೆ ತಿಳಿಯದು, ಆಕೆಗೆ ತಿಳಿದಿರುತ್ತದೆ. ಆಕೆಯ ಚೀಲದಲ್ಲಿ ನಿರೋಧ್ ಇರುತ್ತದೆ, ಮನಸ್ಸಿನಲ್ಲಿ ತಾರೀಖುಗಳಿರುತ್ತವೆ: ಮೂರು ತಿಂಗಳಿಗೊಮ್ಮೆ ಡಾಕ್ಟರ ತಪಾಸಣೆ, ಆರು ತಿಂಗಳಿಗೊಮ್ಮೆ ಎಚ್.ಐ.ವಿ., ಸಿಫಿಲಿಸ್ ಪರೀಕ್ಷೆ. ಪೊಲೀಸರೋ ಪುಂಡರೋ ಕೈಮಾಡಿದರೆ ಓಡಿ ಬರುವವಳೂ ಆಕೆಯೇ. ಹೊಡೆತ ತಿಂದವಳು ಗಿರಾಕಿಗೆ ನಿರೋಧ್ ಬಳಸೆಂದು ಹೇಳುವ ಧೈರ್ಯ ಮಾಡಲಾರಳು ಎಂಬುದನ್ನು ಈ ಸಂಘಗಳು ಬೇಗ ಕಂಡುಕೊಂಡವು. ಆದ್ದರಿಂದ ಆರೋಗ್ಯದ ಕೆಲಸಕ್ಕೂ ಪೊಲೀಸ್ ಠಾಣೆಯ ಮುಂದೆ ನಿಲ್ಲುವ ಕೆಲಸಕ್ಕೂ ನಡುವೆ ಗೆರೆ ಎಳೆಯಲಿಲ್ಲ. ಈ ವೃತ್ತಿಯವರನ್ನೂ ಘನತೆಯಿಂದ ನಡೆಸಿಕೊಳ್ಳಬೇಕೆಂದು 2022ರ ಮೇ 19ರಂದು ಸರ್ವೋಚ್ಚ ನ್ಯಾಯಾಲಯ ಪೊಲೀಸರಿಗೆ ತಾಕೀತು ಮಾಡಿದೆ. ಮೊಬೈಲು ಫೋನು ಬಂದ ಮೇಲೆ ಅಕ್ಕನ ಕೆಲಸ ಕಠಿಣವಾಗಿದೆ. ಬಸ್ ನಿಲ್ದಾಣದ ಮೂಲೆ, ಸಂತೆಯ ಬದಿ ಎಂದು ಗುರುತು ಹಿಡಿಯುವ ಕಾಲ ಹೋಯಿತು. ಹಂಚಿದ ನಿರೋಧ್‌ಗಳ ಲೆಕ್ಕ ಕೇಳುವ ಮೇಲಿನವರು ಈ ಕಷ್ಟವನ್ನು ಯಾವ ಕಾಲಮಿನಲ್ಲಿ ಬರೆಸಿಕೊಳ್ಳುತ್ತಾರೋ ಕಾಣೆ.

ಬಿಳಿಸೆರಗು, ತೆಲ್ಲಬಟ್ಟ

ಇಲ್ಲಿಯವರೆಗೆ ಓದಿದವರು 'ಇದು ಅವರ ವಿಷಯ, ನಮ್ಮದಲ್ಲ' ಎಂದು ನಿಟ್ಟುಸಿರು ಬಿಟ್ಟಿದ್ದರೆ ಈಗ ಸ್ವಲ್ಪ ನಿಲ್ಲಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ 'ಸುರಕ್ಷಾ ಕ್ಲಿನಿಕ್' ಎಂಬ ಹೆಸರಿನಲ್ಲಿ ನಡೆಯುವ ಲೈಂಗಿಕ ಆರೋಗ್ಯ ಚಿಕಿತ್ಸಾಲಯಗಳು ಸಂಸಾರಸ್ಥರಿಗಾಗಿಯೂ ಇವೆ. ಲಕ್ಷಣ ನೋಡಿ ಮದ್ದು ಕೊಡುವ ಕ್ರಮ ಅಲ್ಲಿಯದು. ಮದ್ದಿನ ಪೊಟ್ಟಣಗಳಿಗೆ ಬಣ್ಣದ ಗುರುತು. ಬೂದು ಬಣ್ಣದ್ದು ಮೂತ್ರನಾಳದಿಂದ ಕೀವು ಹೋಗುವುದಕ್ಕೆ ಮತ್ತು ಗರ್ಭಕೊರಳಿನ ಸೋಂಕಿಗೆ, ಹಸಿರು ಯೋನಿಯ ಸೋಂಕಿನಿಂದಾಗುವ ಸ್ರಾವಕ್ಕೆ, ಬಿಳಿಯದು ಹುಣ್ಣಿಗೆ, ಹಳದಿ ಕಿಬ್ಬೊಟ್ಟೆಯ ನೋವಿಗೆ. ಓದು ಬಾರದವಳೂ ಹಸಿರು ಪೊಟ್ಟಣವೆಂದು ಗುರುತಿಟ್ಟುಕೊಳ್ಳಬಲ್ಲಳು.

ಆದರೆ ಅಲ್ಲಿಯವರೆಗೆ ಹೋಗಿ ಬಾಯಿ ಬಿಡಬೇಕಲ್ಲ! ನಮ್ಮ ಹೆಂಗಸರು 'ಬಿಳಿಸೆರಗು' ಎನ್ನುತ್ತಾರೆ. ತೆಲುಗಿನ ನರ್ಸಿಗೆ ಗೊತ್ತಿರುವುದು 'ತೆಲ್ಲಬಟ್ಟ'. ಎರಡು ಭಾಷೆಗಳೂ ಈ ಸಂಕಟವನ್ನು ಬಟ್ಟೆಯ ಮರೆಯಲ್ಲಿಯೇ ಇಟ್ಟಿರುವುದನ್ನು ನೋಡಿದರೆ ಹೆಣ್ಣಿನ ನಾಚಿಕೆಗೆ ಗಡಿಯಿಲ್ಲವೆನ್ನಬೇಕು. ರೇಷನ್ ಅಂಗಡಿಯಲ್ಲಿ, ಬಸ್ಸಿನಲ್ಲಿ ತೆಲುಗನ್ನು ಸರಾಗವಾಗಿ ಆಡುವ ನಮ್ಮ ಮನೆಯಾಕೆಗೆ ಈ ಮಾತು ಬಂದಾಗ ಮಾತ್ರ ತೆಲುಗು ಒದಗದು. ಕನ್ನಡದಲ್ಲಿಯೇ ಒದಗುವುದು ಕಷ್ಟ. 'ಉಷ್ಣ' ಎಂದು ಹೇಳಿ ಮೆಂತ್ಯದ ನೀರು ಕುಡಿದು ಸುಮ್ಮನಾಗುತ್ತಾಳೆ. ಎಲ್ಲ ಬಿಳಿಸೆರಗೂ ಗಂಡನಿಂದ ಬಂದ ರೋಗವಲ್ಲ, ಎಷ್ಟೋ ಸಲ ಅದು ದೇಹಧರ್ಮವೇ. ಆದರೆ ವಾಸನೆ, ತುರಿ, ಕಿಬ್ಬೊಟ್ಟೆಯ ನೋವು ಕೂಡಿದ್ದರೆ ತಡಮಾಡಬಾರದು. ಗುಣವಾಗದೆ ಉಳಿದ ಹುಣ್ಣು, ಉರಿಗಳು ಎಚ್.ಐ.ವಿ. ಒಳಹೋಗುವ ಅಪಾಯವನ್ನು ಹಲವು ಪಟ್ಟು ಹೆಚ್ಚಿಸುತ್ತವೆ. ಗಡಿಯ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ಒಬ್ಬ ಆಪ್ತಸಮಾಲೋಚಕಿ, ಗೋಡೆಯ ಮೇಲೆ ಕನ್ನಡದ ನಾಲ್ಕು ಸಾಲು ಇರಬೇಕೆಂದು ಕೇಳುವುದು ಭಾಷಾಭಿಮಾನವಲ್ಲ, ಚಿಕಿತ್ಸೆಯ ಭಾಗ. ಶಾಲೆಗಾಗಿ ಅರ್ಜಿ ಕೊಡುವ ನಮ್ಮ ಸಂಘಗಳು ಇದಕ್ಕಾಗಿ ಒಂದು ಅರ್ಜಿ ಬರೆದದ್ದನ್ನು ನಾನಂತೂ ಕಂಡಿಲ್ಲ.

ವಿನ್ಸೆಂಟ್ ಫೆರರ್ 1969ರಲ್ಲಿ ಅನಂತಪುರಕ್ಕೆ ಬಂದು ಕಟ್ಟಿದ ಗ್ರಾಮೀಣಾಭಿವೃದ್ಧಿ ಟ್ರಸ್ಟಿನ ಬತ್ತಲಪಲ್ಲಿ ಆಸ್ಪತ್ರೆಯ ವೈದ್ಯರು ತಮ್ಮಲ್ಲಿ ಬಂದ ಎಚ್.ಐ.ವಿ. ರೋಗಿಗಳ ವಿವರಗಳನ್ನು ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದರು. ಸೋಂಕು ಬಂದ ಗಂಡಸರಿಗಿಂತ ಹೆಂಗಸರಲ್ಲಿ ಓದಿಲ್ಲದವರೂ ಸಂಗಾತಿಯನ್ನು ಕಳೆದುಕೊಂಡವರೂ ಹೆಚ್ಚು ಎಂಬುದು ಅದರಲ್ಲಿ ಕಂಡ ಸಂಗತಿ. ಆ ಒಂದು ವಾಕ್ಯದ ಹಿಂದೆ ಎಷ್ಟು ಮನೆಗಳ ಕಥೆಯಿದೆಯೆಂದು ಬಿಡಿಸಿ ಹೇಳಬೇಕಾಗಿಲ್ಲ. ಗಂಡ ಸತ್ತ ಮೇಲೆ ಅವನ ರೋಗ ಹೆಂಡತಿಗೆ ತಿಳಿಯುತ್ತದೆ, ಆಮೇಲೆ ತನ್ನದು.

ತವರಿನ ಹೆರಿಗೆ

ಗಡಿಯ ಮನೆಗಳಿಗೆ ವಿಶೇಷವಾದ ಒಂದು ಅಪಾಯವಿದೆ. ನಮ್ಮ ಒಳ್ಳೆಯ ಸಂಪ್ರದಾಯದಿಂದಲೇ ಹುಟ್ಟಿದ್ದು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರಬೇಕಷ್ಟೆ. ಶಿರಾದಲ್ಲಿಯೋ ಮಧುಗಿರಿಯಲ್ಲಿಯೋ ಬಸಿರಿಯಾದ ಮಗಳಿಗೆ ಅಲ್ಲಿಯ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯಾಗಿ ಸೋಂಕು ತಿಳಿಯಿತೆಂದು ಇಟ್ಟುಕೊಳ್ಳಿ. ಮಾತ್ರೆ ಆರಂಭವಾಗುತ್ತದೆ. ಏಳನೆಯ ತಿಂಗಳಲ್ಲಿ ಸೀಮಂತ ಮಾಡಿ ಅಪ್ಪ ಕರೆದುಕೊಂಡು ಮಡಕಶಿರಾದ ಹಳ್ಳಿಗೆ ಬರುತ್ತಾನೆ. ಮಾತ್ರೆಯ ಡಬ್ಬಿಯನ್ನು ಮಗಳು ಸೀರೆಯ ಗಂಟಿನೊಳಗೆ ಮುಚ್ಚಿಡುತ್ತಾಳೆ. ಅಮ್ಮನ ಎದುರಿಗೆ ನುಂಗುವಂತಿಲ್ಲ. ಡಬ್ಬಿ ಮುಗಿದ ಮೇಲೆ? ಶಿರಾಕ್ಕೆ ಹೋಗಲು ನೆಪವಿಲ್ಲ, ಇಲ್ಲಿ ಕೇಳಲು ಧೈರ್ಯವಿಲ್ಲ. ಹೆರಿಗೆ ಮಾಡಿಸುವ ನರ್ಸಿಗೂ ತಿಳಿಯದೆ ಮಗು ಹುಟ್ಟುತ್ತದೆ.

ಚಿಕಿತ್ಸೆಯೇ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ನೂರಕ್ಕೆ 15ರಿಂದ 45. ತಾಯಿ ಮಾತ್ರೆ ತಪ್ಪಿಸದೆ, ಮಗುವಿಗೂ ಹುಟ್ಟಿದೊಡನೆ ಮದ್ದಿನ ದ್ರಾವಣ ಕೊಟ್ಟರೆ ಅದು ಐದಕ್ಕಿಂತ ಕೆಳಗೆ ಇಳಿಯುತ್ತದೆ. ಸೀರೆಯ ಗಂಟಿನಲ್ಲಿ ಮುಚ್ಚಿಟ್ಟಿರುವುದು ಈ ಅಂತರವನ್ನು. 2004ರ ಏಪ್ರಿಲ್ 1ರಿಂದ ಭಾರತದಲ್ಲಿ ಈ ಮದ್ದು ಉಚಿತ. 2014ರಿಂದ ಎಲ್ಲ ಗರ್ಭಿಣಿಯರಿಗೂ, 2017ರಿಂದ ಸೋಂಕಿರುವ ಎಲ್ಲರಿಗೂ, ರೋಗ ಎಷ್ಟು ಮುಂದುವರಿದಿದೆಯೆಂದು ನೋಡದೆ ಕೊಡುತ್ತಾರೆ. ಅನಂತಪುರದ ಸರ್ಕಾರಿ ಆಸ್ಪತ್ರೆಯಲ್ಲಿ, ಬಳ್ಳಾರಿಯಲ್ಲಿ ಏ.ಆರ್.ಟಿ. ಕೇಂದ್ರಗಳಿವೆ. ನಿತ್ಯ ಮಾತ್ರೆ ತೆಗೆದುಕೊಂಡು ರಕ್ತದಲ್ಲಿ ವೈರಾಣುವಿನ ಎಣಿಕೆ ಅಳತೆಗೆ ಸಿಗದಷ್ಟು ಇಳಿದವರಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲವೆಂಬುದೂ ಈಗ ಸಿದ್ಧಪಟ್ಟ ವಿಚಾರ.

ಜಾತಕದ ಜೊತೆಗೆ ರಕ್ತಪರೀಕ್ಷೆಯ ಚೀಟಿಯನ್ನೂ ಕಡ್ಡಾಯ ಮಾಡಬೇಕೆಂದು ಕೆಲವರು ವಾದಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸೋಂಕು ತಗಲಿದ ಮೊದಲ ವಾರಗಳಲ್ಲಿ ಪರೀಕ್ಷೆಯಲ್ಲಿ ಅದು ಕಾಣದೆ ಹೋಗಬಹುದು. ಮದುವೆಯ ಮುನ್ನಾದಿನದ ಚೀಟಿ ಮದುವೆಯ ಹತ್ತು ವರ್ಷಕ್ಕೆ ಜಾಮೀನಲ್ಲ. ಬಲವಂತ ಮಾಡಿದರೆ ಹೆಣ್ಣಿನ ಕಡೆಯ ಚೀಟಿ ಊರೆಲ್ಲ ಓಡಾಡುತ್ತದೆ, ಗಂಡಿನ ಕಡೆಯದು ಜೇಬಿನಲ್ಲಿರುತ್ತದೆ. ಇಬ್ಬರೂ ಒಪ್ಪಿ ಜೊತೆಯಾಗಿ ಹೋಗುವುದಾದರೆ ಅದಕ್ಕಿಂತ ಚೆಂದವಿಲ್ಲ. ಕಾನೂನೂ ಹಾಗೆಯೇ ಹೇಳುತ್ತದೆ. 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್.ಐ.ವಿ. ಅಧಿನಿಯಮದಂತೆ ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಹೊರಗೆಡಹುವಂತಿಲ್ಲ, ಕೆಲಸ, ಶಾಲೆ, ಚಿಕಿತ್ಸೆಗಳಲ್ಲಿ ಭೇದ ಮಾಡುವಂತಿಲ್ಲ.

ಪಕ್ಕದ ಮನೆಯವರು ನೋಡಿಯಾರೆಂದು ರಾಯದುರ್ಗದವರು ಬಳ್ಳಾರಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡರೆ ತಪ್ಪೇನೂ ಇಲ್ಲ. ಗಡಿ ಇಂಥದೊಂದು ಉಪಕಾರಕ್ಕಾದರೂ ಬರಲಿ. ಆದರೆ ಒಮ್ಮೆ ಹೆಸರು ಬರೆಸಿದ ಮೇಲೆ ಮದ್ದಿನ ಸರಪಳಿ ತುಂಡಾಗಬಾರದು. ಇದಕ್ಕೆ ದಾರಿಯಿದೆ. ಊರು ಬಿಡುವ ಮೊದಲು ಕೇಂದ್ರದಲ್ಲಿ ಹೇಳಿದರೆ ಹೋಗುವ ಕಡೆಯ ಕೇಂದ್ರಕ್ಕೆ ವರ್ಗಾವಣೆಯ ಪತ್ರ ಕೊಡುತ್ತಾರೆ. ರಾಜ್ಯ ಬೇರೆಯಾದರೂ ಅಡ್ಡಿಯಿಲ್ಲ. ಸ್ವಲ್ಪ ದಿನದ ಪ್ರಯಾಣವಾದರೆ ಹಸಿರು ಹೊತ್ತಗೆಯೋ ಚೀಟಿಯೋ, ಚಿಕಿತ್ಸೆಯ ದಾಖಲೆ ಕೈಯಲ್ಲಿದ್ದರೆ ದಾರಿಯ ಕೇಂದ್ರದಲ್ಲಿಯೂ ಮಾತ್ರೆ ಸಿಗುತ್ತದೆ. ಎಲ್ಲಿಗೆ ಹೋಗಬೇಕೆಂದು ತೋಚದವರು 1097ಕ್ಕೆ ಫೋನು ಮಾಡಬಹುದು. ಹಣ ಬೀಳದು, ಹೆಸರು ಹೇಳಬೇಕಾಗಿಲ್ಲ, ಕನ್ನಡದಲ್ಲಿ ಮಾತಾಡುತ್ತೇನೆಂದು ಕೇಳಬಹುದು.

ಮಗಳನ್ನು ಹೆರಿಗೆಗೆ ಕರೆತರುವ ತಾಯಂದಿರು ಬೀಗರ ಮನೆಯ ಹೊಸಿಲು ದಾಟುವ ಮೊದಲು ಒಂದು ಮಾತು ಕೇಳಿ: 'ಆಸ್ಪತ್ರೆಯ ಕಾಗದಗಳನ್ನೆಲ್ಲ ತೆಗೆದುಕೊಂಡೆಯೇನಮ್ಮ?' ಏನು ಬರೆದಿದೆಯೆಂದು ಕೇಳಬೇಡಿ. ತಾಯಿ ಕಾರ್ಡು, ಮಾತ್ರೆಯ ಚೀಟಿಗಳು ಅವಳ ಕೈಯಲ್ಲಿಯೇ ಇರಲಿ. ಇಲ್ಲಿಗೆ ಬಂದ ವಾರದೊಳಗೆ ಅವಳನ್ನು ಹತ್ತಿರದ ಆಸ್ಪತ್ರೆಗೆ ಕಳಿಸಿ, ಡಾಕ್ಟರ ಬಳಿ ಒಬ್ಬಳನ್ನೇ ಒಳಗೆ ಬಿಟ್ಟು ನೀವು ಹೊರಗಿನ ಬೆಂಚಿನ ಮೇಲೆ ಕೂತುಕೊಳ್ಳಿ. ಸೋಂಕಿದ್ದ ತಾಯಿಯ ಮಗುವಿಗೆ ಆರನೆಯ ವಾರದಲ್ಲಿ ಮೊದಲ ಪರೀಕ್ಷೆ, ಹದಿನೆಂಟನೆಯ ತಿಂಗಳಲ್ಲಿ ಕೊನೆಯದು. ಮೊದಲನೆಯದು ಬಾಣಂತನದ ಕಾಲಕ್ಕೆ, ಅಂದರೆ ತವರಿನಲ್ಲಿರುವಾಗಲೇ ಬರುತ್ತದೆ. ಎರಡನೆಯದರ ಹೊತ್ತಿಗೆ ಮಗು ಗಡಿ ದಾಟಿ ಅಪ್ಪನ ಊರಿನಲ್ಲಿ ಹೆಜ್ಜೆ ಹಾಕುತ್ತಿರುತ್ತದೆ.